ಕಾಲೇಜಿನ ಬಾಗಿಲಲ್ಲಿಟ್ಟ ತಕ್ಕಡಿ

ಏಳನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದು, ಇಮ್ಮಡಿ ಪುಲಕೇಶಿಯ ನಾಡಿನ ವಿಷಯವನ್ನೂ ಬರೆದಿಟ್ಟ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ನಾಲಂದೆಯನ್ನು ವರ್ಣಿಸುವಾಗ ಅಲ್ಲಿಯ ದ್ವಾರಪಾಲಕನ ಪ್ರಸ್ತಾಪ ಮಾಡುತ್ತಾನೆ. ಹೊರನಾಡುಗಳಿಂದ ಬಂದು ಅಲ್ಲಿಯ ವಿದ್ವತ್ ಚರ್ಚೆಯಲ್ಲಿ ಸೇರಬಯಸುವವರನ್ನು ಬಾಗಿಲಲ್ಲೇ ನಿಲ್ಲಿಸಿ ಕಠಿಣವಾದ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತಂತೆ. ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಉತ್ತರ ಹೇಳಲಾರದೆ ಬಂದ ದಾರಿ ಹಿಡಿಯುತ್ತಿದ್ದರಂತೆ. ಯಾತ್ರಿಕನಿಗೆ ಇದು ನಾಲಂದೆಯ ಹಿರಿಮೆಯ ಗುರುತಾಗಿ ಕಂಡಿತು. ಆದರೆ ಇತಿಹಾಸವನ್ನು ಓದುವ ನಮಗೆ ಬೇರೊಂದು ಕುತೂಹಲ ಮೂಡದೆ ಇರದು. ಆ ದ್ವಾರಪಾಲಕನು ಕೇಳುತ್ತಿದ್ದ ಪ್ರಶ್ನೆಗಳು ಯಾವುವು? ಅವುಗಳನ್ನು ಗೊತ್ತುಮಾಡಿದವರು ಯಾರು? ಮರಳಿ ಹೋದ ಆ ಏಳೆಂಟು ಮಂದಿಯಲ್ಲಿ ಜ್ಞಾನವಿಲ್ಲದವರೆಷ್ಟು, ಬಾಗಿಲಲ್ಲಿ ನಿಂತು ಮಾತನಾಡುವ ಧೈರ್ಯ ಸಾಲದವರೆಷ್ಟು? ಈ ವಿಷಯದಲ್ಲಿ ಗ್ರಂಥ ಮೌನವಾಗಿದೆ.

ಸ್ಥಳ ಕಡಿಮೆ, ಬಂದವರು ಹೆಚ್ಚು ಎಂದಾಗ ಯಾರನ್ನು ಒಳಗೆ ಬಿಡಬೇಕು, ಯಾವುದನ್ನು ತೂಗಿ ನೋಡಬೇಕು ಎಂಬ ಪ್ರಶ್ನೆ ವಿದ್ಯೆಯಷ್ಟೇ ಹಳೆಯದು. ದ್ರೋಣನ ಬಳಿಗೆ ಹೋದ ಏಕಲವ್ಯನೂ ಪರಶುರಾಮನ ಬಳಿಗೆ ಹೋದ ಕರ್ಣನೂ ಇದೇ ಪ್ರಶ್ನೆಯ ಮುಂದೆ ನಿಂತವರು. ಒಬ್ಬನಿಗೆ ಯೋಗ್ಯತೆಯಿದ್ದೂ ಕುಲ ಅಡ್ಡ ಬಂತು. ಇನ್ನೊಬ್ಬನು ಕುಲವನ್ನು ಮರೆಮಾಚಿ ಒಳಗೆ ಹೋದನು, ಕಲಿತನು, ಕಡೆಗೆ ಕಲಿತದ್ದನ್ನೇ ಕಳೆದುಕೊಂಡನು. ಇಂದು ನಾನು ಹೇಳಹೊರಟಿರುವುದು ಇಷ್ಟು ಹಳೆಯ ಕಥೆಯಲ್ಲ. ನಮ್ಮ ನಾಡಿನ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಕಳೆದ ನೂರು ವರ್ಷಗಳಲ್ಲಿ ತಮ್ಮ ಬಾಗಿಲಲ್ಲಿ ಯಾವ ಯಾವ ತಕ್ಕಡಿಗಳನ್ನು ಇಟ್ಟವು, ಒಂದೊಂದನ್ನು ಏಕೆ ಬದಲಾಯಿಸಿದವು ಎಂಬುದಷ್ಟೇ ನನ್ನ ವಿಷಯ. ನಾನು ಕನ್ನಡ ಸಾಹಿತ್ಯವನ್ನು ಕಲಿಸಿದವನು, ನ್ಯಾಯಶಾಸ್ತ್ರವನ್ನು ಓದಿದವನಲ್ಲ. ಆದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಕಾಲೇಜಿನ ಹಜಾರದಲ್ಲಿ ಅರ್ಜಿ ಹಿಡಿದು ನಿಂತ ಮಕ್ಕಳನ್ನೂ, ಅವರ ಹಿಂದೆ ನಿಂತ ತಂದೆತಾಯಿಗಳನ್ನೂ ನೋಡಿದವನು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ೧೯೧೬ರಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ೧೯೨೪ರಲ್ಲಿ ವೈದ್ಯಕೀಯ ಕಾಲೇಜು ಬಂತು. ಆ ಕಾಲಕ್ಕೆ ಹೈಸ್ಕೂಲನ್ನು ದಾಟಿ ಕಾಲೇಜಿನವರೆಗೆ ಬರುತ್ತಿದ್ದವರೇ ಕೆಲವರು. ಅವರಲ್ಲಿಯೂ ಅಕ್ಷರವನ್ನು ತಲೆತಲಾಂತರದಿಂದ ಕುಲವೃತ್ತಿಯಾಗಿ ಉಳಿಸಿಕೊಂಡು ಬಂದ ಬ್ರಾಹ್ಮಣ ಮನೆತನಗಳ ಮಕ್ಕಳೇ ಬಹುಪಾಲು. ಸರ್ಕಾರದ ಹುದ್ದೆಗಳಲ್ಲಿಯೂ ಇದೇ ಸ್ಥಿತಿ ಇದ್ದುದರಿಂದ ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ೧೯೧೯ರಲ್ಲಿ ವರದಿ ಬಂತು. ಸರ್ಕಾರಿ ಸೇವೆಯಲ್ಲಿ ತಕ್ಕಷ್ಟು ಪ್ರಾತಿನಿಧ್ಯವಿಲ್ಲದ, ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವುಗಳೆಂದು ಪರಿಗಣಿಸಿ, ಅವುಗಳಿಗೆ ಹುದ್ದೆಗಳಲ್ಲಿ ಪಾಲನ್ನೂ ವಿದ್ಯೆಯಲ್ಲಿ ಪ್ರೋತ್ಸಾಹವನ್ನೂ ಕೊಡಬೇಕೆಂದು ಅದು ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಧೋರಣೆ ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ವಿದ್ಯಾರ್ಥಿವೇತನ ಕೊಟ್ಟು ಮೇಲೆತ್ತೋಣ, ಆಯ್ಕೆ ಮಾತ್ರ ಯೋಗ್ಯತೆಯಿಂದಲೇ ಆಗಲಿ ಎಂಬುದು ಅವರ ನಿಲುವು. ೧೯೧೮ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ನಿವೃತ್ತರಾದರು. ಇಬ್ಬರೂ ಪ್ರಜೆಗಳ ಹಿತವನ್ನೇ ಬಯಸಿದವರು. ಒಬ್ಬ ಒಡೆಯರು, ಒಬ್ಬ ದಿವಾನರು. ಅವರ ನಡುವೆ ಅಂದು ನಡೆದ ಈ ವಾದ ಇಂದಿಗೂ ನಮ್ಮ ಮನೆಗಳ ಜಗಲಿಗಳಲ್ಲಿ ಮುಗಿದಿಲ್ಲ.

ನೆರೆಯ ಮದರಾಸಿನಲ್ಲಿ ತಕ್ಕಡಿ ಇನ್ನೂ ಸ್ಪಷ್ಟವಾಗಿತ್ತು. ಆಗ ಮದರಾಸು ಎಂದರೆ ನಮಗೆ ಪರದೇಶವಲ್ಲ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಅದರೊಳಗೇ ಇದ್ದವು. ಅಲ್ಲಿಯ ಸರ್ಕಾರದ ಕೋಮುವಾರು ಆಜ್ಞೆಯ ಪ್ರಕಾರ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಪ್ರತಿ ೧೪ ಸ್ಥಾನಗಳನ್ನು ಹೀಗೆ ಹಂಚಲಾಗುತ್ತಿತ್ತು: ಬ್ರಾಹ್ಮಣೇತರ ಹಿಂದೂಗಳಿಗೆ ೬, ಹಿಂದುಳಿದ ಹಿಂದೂಗಳಿಗೆ ೨, ಬ್ರಾಹ್ಮಣರಿಗೆ ೨, ಹರಿಜನರಿಗೆ ೨, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ ೧, ಮುಸಲ್ಮಾನರಿಗೆ ೧. ಮದುವೆಯ ಮನೆಯಲ್ಲಿ ಎಲೆ ಹಾಕಿ ಪಂಕ್ತಿ ಕೂರಿಸಿದಂತೆ ಎಲ್ಲವೂ ಮೊದಲೇ ನಿಶ್ಚಿತ. ಸಂವಿಧಾನ ಜಾರಿಗೆ ಬಂದ ಮೇಲೆ ಚಂಪಕಂ ದೊರೈರಾಜನ್ ಎಂಬ ಮಹಿಳೆಯೂ ಶ್ರೀನಿವಾಸನ್ ಎಂಬ ವಿದ್ಯಾರ್ಥಿಯೂ ಇದನ್ನು ನ್ಯಾಯಾಲಯಕ್ಕೆ ಒಯ್ದರು. ಆಕೆಯಂತೂ ವೈದ್ಯಕೀಯ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ; ವಿಚಾರಿಸಿದಾಗ, ಹಾಕಿಯೂ ಪ್ರಯೋಜನವಿಲ್ಲವೆಂದು ತಿಳಿಯಿತು. ೧೯೫೧ರ ಏಪ್ರಿಲ್ ೯ರಂದು ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಅನೂರ್ಜಿತಗೊಳಿಸಿತು. ಎರಡೇ ತಿಂಗಳಲ್ಲಿ ಸಂಸತ್ತು ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯನ್ನು ತಂದು, ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಡು ಮಾಡಬಹುದೆಂಬ ವಿಧಿಯನ್ನು ಸೇರಿಸಿತು. ತಕ್ಕಡಿಗೆ ಹೊಸ ತೂಕದ ಕಲ್ಲನ್ನು ಹಾಕಲು ಅನುಮತಿಯೇನೋ ಸಿಕ್ಕಿತು. ಆದರೆ ಆ ಕಲ್ಲು ಎಷ್ಟು ಭಾರವಿರಬೇಕು, ಹಿಂದುಳಿದವರೆಂದರೆ ಯಾರು ಎಂಬುದನ್ನು ವಿಧಿ ಹೇಳಲಿಲ್ಲ. ಅದನ್ನು ಅರಸುವ ಕೆಲಸದಲ್ಲಿ ಹೆಚ್ಚು ಶ್ರಮಪಟ್ಟ, ಹೆಚ್ಚು ಎಡವಿದ, ಆದ್ದರಿಂದಲೇ ಇಡೀ ದೇಶಕ್ಕೆ ಹೆಚ್ಚು ಪಾಠ ಕಲಿಸಿದ ರಾಜ್ಯ ನಮ್ಮದು.

೧೯೫೬ರಲ್ಲಿ ಕನ್ನಡ ನಾಡುಗಳು ಒಂದಾದವು. ಹಳೆಯ ಮೈಸೂರು, ಮುಂಬಯಿ ಪ್ರಾಂತ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಕಡೆಗಳಿಂದ, ಐದು ಬಗೆಯ ಶಾಲೆಗಳಿಂದ ಬಂದ ಮಕ್ಕಳು ಒಂದೇ ಬಾಗಿಲಲ್ಲಿ ನಿಂತರು. ೧೯೫೮ರ ಜುಲೈ ೨೬ರಂದು ಮೈಸೂರು ಸರ್ಕಾರ ಹೊರಡಿಸಿದ ಆಜ್ಞೆಯಲ್ಲಿ ಬ್ರಾಹ್ಮಣರ ಹೊರತು ಉಳಿದ ಎಲ್ಲ ಸಮುದಾಯಗಳೂ ಹಿಂದುಳಿದವೆಂದು ಸಾರಿ, ಶೇಕಡ ೭೫ ಸ್ಥಾನಗಳನ್ನು ಕಾದಿರಿಸಲಾಯಿತು. ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮರುವರ್ಷ ಮತ್ತೊಂದು ಆಜ್ಞೆ ಬಂತು; ಅದನ್ನು ಮೈಸೂರು ಹೈಕೋರ್ಟು ತಳ್ಳಿಹಾಕಿತು. ಆಗ, ೧೯೬೦ರ ಜನವರಿಯಲ್ಲಿ, ಡಾ. ಆರ್. ನಾಗನಗೌಡರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು.

ಈ ಸಮಿತಿ ಮಾಡಿದ ಕೆಲಸ ಗಮನಾರ್ಹವಾದದ್ದು. ಹಿಂದುಳಿದಿರುವಿಕೆಯನ್ನು ಬರಿಯ ಮಾತಿನಲ್ಲಿ ಬಿಡದೆ ಸಂಖ್ಯೆಯಲ್ಲಿ ಅಳೆಯಲು ಅದು ಯತ್ನಿಸಿತು. ರಾಜ್ಯದ ಹೈಸ್ಕೂಲುಗಳ ಕೊನೆಯ ಮೂರು ತರಗತಿಗಳಲ್ಲಿ ಒಂದೊಂದು ಸಮುದಾಯದ ಮಕ್ಕಳು ಎಷ್ಟಿದ್ದಾರೆ, ಆ ಸಮುದಾಯದ ಸಾವಿರ ಜನಕ್ಕೆ ಎಷ್ಟು ಬೀಳುತ್ತಾರೆ ಎಂದು ಲೆಕ್ಕ ಹಾಕಿತು. ಇಡೀ ರಾಜ್ಯದ ಸರಾಸರಿ ಸಾವಿರಕ್ಕೆ ೬.೯. ಈ ಗೆರೆಯ ಕೆಳಗಿರುವವರು ಹಿಂದುಳಿದವರು. ಅದರ ಅರ್ಧಕ್ಕಿಂತಲೂ ಕೆಳಗಿರುವವರು ಇನ್ನೂ ಹೆಚ್ಚು ಹಿಂದುಳಿದವರು. ಸಾವಿರ ಜನರಿಗೆ ಏಳು ಮಂದಿಯೂ ಹೈಸ್ಕೂಲು ಮೆಟ್ಟಿಲು ಹತ್ತದಿದ್ದ ನಾಡಿನಲ್ಲಿ ಈ ಲೆಕ್ಕವೇ ಒಂದು ಕನ್ನಡಿಯಾಗಿತ್ತು. ಆದರೆ ಕನ್ನಡಿಯನ್ನೇ ತಕ್ಕಡಿಯಾಗಿ ಬಳಸಿದಾಗ ತೊಡಕು ಶುರುವಾಯಿತು. ಸಾವಿರಕ್ಕೆ ೭.೧ ಇದ್ದ ದೊಡ್ಡ ಸಮುದಾಯವೊಂದನ್ನು ಸಮಿತಿ ಮುಂದುವರಿದದ್ದೆಂದಿತು. ಸರ್ಕಾರ ಅದನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು. ಗೆರೆ ಎಳೆದವರು ಒಬ್ಬರು, ಗೆರೆಯನ್ನು ಸರಿಸಿದವರು ಇನ್ನೊಬ್ಬರು. ದಶಮಾಂಶ ಬಿಂದುವಿನ ಈಚೆ ಆಚೆ ಒಬ್ಬ ಹುಡುಗ ಡಾಕ್ಟರಾಗುವುದೂ ಆಗದಿರುವುದೂ ನಿಂತಿತು.

೧೯೬೨ರ ಜುಲೈ ೩೧ರ ಆಜ್ಞೆಯಲ್ಲಿ ಹಿಂದುಳಿದ ವರ್ಗಗಳಿಗೆ ಶೇಕಡ ೨೮, ಹೆಚ್ಚು ಹಿಂದುಳಿದವರಿಗೆ ೨೨, ಪರಿಶಿಷ್ಟ ಜಾತಿಗೆ ೧೫, ಪರಿಶಿಷ್ಟ ಪಂಗಡಕ್ಕೆ ೩, ಒಟ್ಟು ೬೮. ಬರಿಯ ಅಂಕಗಳ ಮೇಲೆ ತುಂಬಲು ಉಳಿದದ್ದು ೩೨. ಬಾಲಾಜಿ ಮತ್ತಿತರ ವಿದ್ಯಾರ್ಥಿಗಳು ನೇರವಾಗಿ ದಿಲ್ಲಿಗೆ ಹೋದರು. ಅದೇ ಸೆಪ್ಟೆಂಬರ್ ೨೮ರಂದು ನ್ಯಾಯಮೂರ್ತಿ ಗಜೇಂದ್ರಗಡ್ಕರರು ತೀರ್ಪನ್ನು ಓದಿದರು. ಹಿಂದುಳಿದಿರುವಿಕೆಯನ್ನು ಗೊತ್ತುಮಾಡುವಲ್ಲಿ ಜಾತಿಗೆ ಸ್ಥಾನವಿಲ್ಲವೆಂದು ಅವರು ಹೇಳಲಿಲ್ಲ. ಅದೊಂದೇ ಅಳತೆಗೋಲಾಗಬಾರದು, ಮುಖ್ಯ ಅಳತೆಗೋಲೂ ಆಗಬಾರದು. ಬಡತನ, ಕಸುಬು, ವಾಸದ ಊರು ಇವೂ ಸೇರಬೇಕು ಎಂದರು. ಕಾದಿರಿಸಿದ ಸ್ಥಾನಗಳು ಸ್ಥೂಲವಾಗಿ ಅರ್ಧವನ್ನು ಮೀರಬಾರದು ಎಂದರು. ಇಂದು ದೇಶದ ಮೂಲೆಮೂಲೆಯಲ್ಲಿ ಶೇಕಡ ೫೦ರ ಮಿತಿಯ ಬಗ್ಗೆ ಮಾತನಾಡುವವರು ಆ ಮಾತಿನ ಬೇರು ಮೈಸೂರಿನ ಕೆಲವು ವಿದ್ಯಾರ್ಥಿಗಳ ಅರ್ಜಿಯಲ್ಲಿದೆ ಎಂಬುದನ್ನು ಮರೆತಿರುತ್ತಾರೆ.

ತೀರ್ಪಿನ ಮಾತನ್ನು ಸರ್ಕಾರ ಅಕ್ಷರಶಃ ಹಿಡಿಯಿತು. ೧೯೬೩ರ ಜುಲೈ ತಿಂಗಳ ಹೊಸ ಆಜ್ಞೆಯಲ್ಲಿ ಹಿಂದುಳಿದ ವರ್ಗವನ್ನು ಗುರುತಿಸುವಾಗ ಜಾತಿಯನ್ನೇ ಬಿಟ್ಟುಬಿಟ್ಟಿತು. ಮನೆಯ ವಾರ್ಷಿಕ ಆದಾಯ ೧,೨೦೦ ರೂಪಾಯಿಗೆ ಮೀರದೆ, ಕಸುಬು ಬೇಸಾಯವೋ ಸಣ್ಣ ವ್ಯಾಪಾರವೋ ಕೈಕಸುಬೋ ಕೆಳದರ್ಜೆಯ ನೌಕರಿಯೋ ಕೂಲಿಯೋ ಆಗಿದ್ದರೆ ಅವನು ಹಿಂದುಳಿದವನು. ಅವನಿಗೆ ಶೇಕಡ ೩೦ ಸ್ಥಾನ. ಕೇಳಲು ಇದು ಬಹಳ ನ್ಯಾಯವಾಗಿ ತೋರುತ್ತದೆ. ಆದರೆ ಸಂಬಳದಾರನ ಆದಾಯ ಕಾಗದದ ಮೇಲಿರುತ್ತದೆ, ಜಮೀನುದಾರನ ಆದಾಯ ಕಣದಲ್ಲಿರುತ್ತದೆ. ಕಾಗದವನ್ನು ತೋರಿಸಲೇಬೇಕು, ಕಣವನ್ನು ಯಾರು ನೋಡುತ್ತಾರೆ? ಆದಾಯ ಎಷ್ಟೇ ಕಡಿಮೆಯಿದ್ದರೂ ಕಸುಬು ಪಟ್ಟಿಯಲ್ಲಿಲ್ಲದಿದ್ದರೆ ಪ್ರಯೋಜನವಿಲ್ಲ. ಬಡತನವನ್ನು ತೂಗುವುದು ಜಾತಿಯನ್ನು ತೂಗುವುದಕ್ಕಿಂತ ಸುಲಭವೆಂದು ಭಾವಿಸಿದವರಿಗೆ ತಹಸೀಲ್ದಾರರ ಕಚೇರಿಯ ಮುಂದಿನ ಸಾಲು ಬೇರೆಯ ಪಾಠ ಹೇಳಿತು.

ಅದೇ ವರ್ಷ ಇನ್ನೊಂದು ತೂಕವೂ ಸೇರಿತು. ಅದು ಸಂದರ್ಶನ. ಆಯ್ಕೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ ೨೫ರಷ್ಟನ್ನು ಸಂದರ್ಶನಕ್ಕೆ ಮೀಸಲಿಡಲಾಯಿತು. ಸಾಮಾನ್ಯಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ., ಆಟೋಟ, ಸಮಾಜಸೇವೆ, ಚರ್ಚಾಕೂಟ, ನಾಟಕ ಇವುಗಳಿಗೆ ಅಂಕ. ಮೂರು ವಿಷಯಗಳಿಗೆ ೩೦೦ ಅಂಕ ಎಂದಿಟ್ಟುಕೊಂಡರೆ ಸಂದರ್ಶನಕ್ಕೆ ೭೫. ಪರೀಕ್ಷೆಯಲ್ಲಿ ೨೪೦ ಪಡೆದವನಿಗೆ ಸಂದರ್ಶನದಲ್ಲಿ ೧೫, ೨೦೦ ಪಡೆದವನಿಗೆ ೬೦ ಕೊಟ್ಟರೆ ಸಾಕು, ಹಿಂದಿನವನು ಮುಂದಾಗುತ್ತಾನೆ. ಇಡೀ ವರ್ಷದ ಓದು ಕೆಲವು ನಿಮಿಷಗಳ ಮಾತಿನಲ್ಲಿ ಅಡಿಮೇಲಾಗಬಹುದು. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿ ಈ ಪ್ರಶ್ನೆಯೂ ದಿಲ್ಲಿಗೆ ಹೋಯಿತು. ೧೯೬೪ರ ಜನವರಿಯಲ್ಲಿ ನ್ಯಾಯಮೂರ್ತಿ ಸುಬ್ಬರಾಯರು ಬಹುಮತದ ತೀರ್ಪಿನಲ್ಲಿ ಸಂದರ್ಶನವನ್ನು ಎತ್ತಿಹಿಡಿದರು. ಬರಿಯ ಒಂದು ಪರೀಕ್ಷೆಯ ಅಂಕವೂ ಯೋಗ್ಯತೆಯ ನಿಶ್ಚಿತ ಅಳತೆಯಲ್ಲ, ಯಾವ ಪದ್ಧತಿಯನ್ನಾದರೂ ದುರುಪಯೋಗಪಡಿಸಿಕೊಳ್ಳಬಹುದು, ಅಷ್ಟು ಮಾತ್ರಕ್ಕೆ ಪದ್ಧತಿಯೇ ಕೆಟ್ಟದ್ದೆನ್ನಲಾಗದು ಎಂಬುದು ಅವರ ವಾದದ ಸಾರ. ನ್ಯಾಯಮೂರ್ತಿ ಮುಧೋಳ್ಕರರು ಭಿನ್ನಾಭಿಪ್ರಾಯ ಬರೆದರು.

ವ್ಯಕ್ತಿತ್ವ ಎಂಬುದು ಬಹಳ ಸುಂದರವಾದ ಪದ. ಆದರೆ ಕಾಲೇಜಿನ ಬಾಗಿಲಲ್ಲಿ ಅದರ ಚರಿತ್ರೆ ಅಷ್ಟು ಸುಂದರವಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರವೇಶಕ್ಕೆ ಮುಖ್ಯವಾಗಿ ಪರೀಕ್ಷೆಯೇ ಆಧಾರವಾಗಿತ್ತು. ಪರೀಕ್ಷೆಯಲ್ಲಿ ಗೆದ್ದು ಬಂದ ಯೆಹೂದಿ ವಿದ್ಯಾರ್ಥಿಗಳು ೧೯೨೨ರ ವೇಳೆಗೆ ಐದರಲ್ಲಿ ಒಂದು ಪಾಲನ್ನು ಮೀರಿದರು. ಅಧ್ಯಕ್ಷ ಲೋವೆಲ್ ಅವರಿಗೆ ಇದು ಸಹಿಸಲಿಲ್ಲ. ಯೆಹೂದಿಗಳಿಗೆ ಶೇಕಡ ೧೫ರ ಮಿತಿ ಹಾಕಬೇಕೆಂದು ಅವರು ಸೂಚಿಸಿದರು. ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. ಬಹಿರಂಗವಾಗಿ ಆಗದ್ದು ಬಳಸುದಾರಿಯಲ್ಲಿ ಆಯಿತು. ಅರ್ಜಿಯಲ್ಲಿ ತಂದೆಯ ಹೆಸರು ಬದಲಾಗಿದೆಯೇ ಎಂಬ ಪ್ರಶ್ನೆ ಬಂತು, ಭಾವಚಿತ್ರ ಬೇಕಾಯಿತು, ೧೯೨೬ರಿಂದ ಶೀಲ ಮತ್ತು ವ್ಯಕ್ತಿತ್ವಗಳಿಗೆ ಹೆಚ್ಚಿನ ತೂಕ ಬಂತು. ಯೆಹೂದಿಗಳ ಸಂಖ್ಯೆ ತಾನಾಗಿಯೇ ಇಳಿಯಿತು. ಎಲ್ಲಿಯೂ ಅವರನ್ನು ಬೇಡವೆಂದು ಬರೆಯಬೇಕಾಗಲಿಲ್ಲ. ಸುಮಾರು ನೂರು ವರ್ಷಗಳ ಮೇಲೆ, ೨೦೧೮ರಲ್ಲಿ, ಅದೇ ವಿಶ್ವವಿದ್ಯಾನಿಲಯದ ವಿರುದ್ಧ ಮೊಕದ್ದಮೆಯ ವಿಚಾರಣೆ ನಡೆದಾಗ ಅಲ್ಲಿಯ ಒಳಗಿನ ಕಡತಗಳು ಹೊರಬಂದವು. ಏಷ್ಯನ್ ಮೂಲದ ಅಭ್ಯರ್ಥಿಗಳಿಗೆ ಓದಿನಲ್ಲಿ ಹೆಚ್ಚು ಅಂಕ, ವೈಯಕ್ತಿಕ ಗುಣದ ಅಂಕಣದಲ್ಲಿ ಮಾತ್ರ ಸರಾಸರಿಯಲ್ಲಿ ಕಡಿಮೆ ಅಂಕ ಎಂಬುದು ಅಲ್ಲಿಯ ವಾದದ ಕೇಂದ್ರವಾಯಿತು. ಕೆಳಗಿನ ನ್ಯಾಯಾಲಯಗಳು ಇದರಲ್ಲಿ ಉದ್ದೇಶಪೂರ್ವಕವಾದ ತಾರತಮ್ಯವನ್ನು ಕಾಣಲಿಲ್ಲ. ೨೦೨೩ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆಯ್ಕೆಯಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನೇ ರದ್ದುಮಾಡಿತು. ವ್ಯಕ್ತಿತ್ವವನ್ನು ತೂಗುವವನು ಬಹುಮಟ್ಟಿಗೆ ತನ್ನನ್ನು ಹೋಲುವವರಿಗೇ ಹೆಚ್ಚು ತೂಕ ಕಾಣುತ್ತಾನೆ ಎಂಬ ಸಂಶಯ ಮಾತ್ರ ಉಳಿಯಿತು.

ಇದಕ್ಕೆ ನಾನು ಕಂಡ ಒಂದು ನಿದರ್ಶನವನ್ನು ಹೇಳುತ್ತೇನೆ. ಬಯಲುಸೀಮೆಯ ಊರೊಂದರಲ್ಲಿ ಶಿಕ್ಷಕರ ತರಬೇತಿಗೆ ಅಭ್ಯರ್ಥಿಗಳನ್ನು ಆರಿಸುವ ಸಮಿತಿಯಲ್ಲಿ ಕಿರಿಯ ಸದಸ್ಯನಾಗಿ ಕುಳಿತಿದ್ದೆ. ಅಂಕಗಳಲ್ಲಿ ಮುಂದಿದ್ದ ಹುಡುಗನೊಬ್ಬ ಒಳಗೆ ಬಂದ. ಬಿಳಿಯ ಅಂಗಿ, ಬರಿಗಾಲು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದಿದ್ದ, ಗುಡಿಯೊಳಗೆ ಬರುವವನಂತೆ. ಹಿರಿಯ ಸದಸ್ಯರು, "ನಾಟಕದಲ್ಲಿ ಪಾತ್ರ ಮಾಡಿದ್ದೀಯೇನಪ್ಪ?" ಎಂದು ಕೇಳಿದರು. "ಇಲ್ಲ ಸಾರ್" ಎಂದ. "ಚರ್ಚಾಸ್ಪರ್ಧೆ?" "ಇಲ್ಲ ಸಾರ್." ನಾನು, "ನಿಮ್ಮೂರಲ್ಲಿ ಬಯಲಾಟ ಆಡುತ್ತಾರೆಯೇ?" ಎಂದೆ. ಹುಡುಗನ ಮುಖ ಅರಳಿತು. "ಆಡ್ತಾರೆ ಸಾರ್. ಮೂರು ವರ್ಷದಿಂದ ಅಭಿಮನ್ಯು ವೇಷ ನಂದೇ." "ಮತ್ತೆ ಆಗಲೇ ಏಕೆ ಹೇಳಲಿಲ್ಲ?" "ಅದು ನಾಟಕ ಅಲ್ಲ ಸಾರ್, ಆಟ" ಎಂದ. ರಾತ್ರಿಯಿಡೀ ನಿಂತು ಪದ್ಯ ಹಾಡಿ, ಅರ್ಥ ಹೇಳಿ, ಬೆಳಗಿನ ಜಾವ ಚಕ್ರವ್ಯೂಹದಲ್ಲಿ ಬೀಳುವ ಕಲಾವಿದನಿಗೆ ನಮ್ಮ ಕಾಗದದಲ್ಲಿ ಅಂಕ ಕೊಡಲು ಸ್ಥಳವಿರಲಿಲ್ಲ. ಪ್ರಮಾಣಪತ್ರ ಎಂಬ ಅಂಕಣವಿತ್ತು. ಆಟದ ಭಾಗವತರು ಪ್ರಮಾಣಪತ್ರ ಕೊಡುವವರಲ್ಲ. ಅಂಕಣ ಖಾಲಿಯಾಗಿಯೇ ಉಳಿಯಿತು. ಅವನಿಗೆ ಕಡೆಗೆ ಸೀಟು ಸಿಕ್ಕಿತು. ಆದರೆ ಅದು ಪರೀಕ್ಷೆಯ ಅಂಕಗಳ ಬಲದಿಂದ, ಸಂದರ್ಶನದಿಂದಲ್ಲ. ಅಂಕ ಎಂಬುದು ಮನುಷ್ಯನನ್ನು ಅರಿಯದ ಒಣ ಸಂಖ್ಯೆ ಎಂದು ನಾವು ಮೇಲಿಂದ ಮೇಲೆ ಹೇಳುತ್ತೇವೆ. ನಿಜ. ಆದರೆ ಪರಿಚಯವಿಲ್ಲದವನಿಗೆ, ನುಡಿಗಾರಿಕೆ ತಿಳಿಯದವನಿಗೆ, ಆ ಒಣ ಸಂಖ್ಯೆಯೇ ಕೆಲವೊಮ್ಮೆ ಊರುಗೋಲಾಗುತ್ತದೆ.

ಸಂದರ್ಶನದ ತೂಕವನ್ನು ಇಳಿಸಿದ್ದು ದೂರದ ಶ್ರೀನಗರದ ಒಂದು ಪ್ರಕರಣ. ಅಲ್ಲಿಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ ೧೦೦, ಸಂದರ್ಶನಕ್ಕೆ ೫೦ ಅಂಕ. ಒಬ್ಬೊಬ್ಬರೊಡನೆ ಎರಡು ಮೂರು ನಿಮಿಷವಷ್ಟೇ ಮಾತು. ೧೯೮೦ರ ನವೆಂಬರಿನಲ್ಲಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯ, ಸಂದರ್ಶನಕ್ಕೆ ಶೇಕಡ ೧೫ಕ್ಕಿಂತ ಹೆಚ್ಚು ಅಂಕವಿಡುವುದು ಸ್ವೇಚ್ಛಾಚಾರವಾಗುತ್ತದೆ ಎಂದಿತು. ಸಂದರ್ಶನದ ಮಾತುಗಳನ್ನು ಟೇಪಿನಲ್ಲಿ ಹಿಡಿದಿಡುವುದು ಒಳ್ಳೆಯದೆಂದೂ ಸೂಚಿಸಿತು. ಈ ಸೂಚನೆಯನ್ನು ಓದಿದಾಗ ನನಗೆ ನಾಲಂದೆಯ ದ್ವಾರಪಾಲಕನ ನೆನಪಾಗುತ್ತದೆ. ಅವನ ಪ್ರಶ್ನೆಗಳನ್ನು ಯಾರಾದರೂ ಬರೆದಿಟ್ಟಿದ್ದರೆ!

ಊರೂ ಒಂದು ತೂಕವೇ. ಮದರಾಸು ಸರ್ಕಾರ ಜಿಲ್ಲೆವಾರು ಸ್ಥಾನ ಹಂಚಿದ್ದನ್ನು ೧೯೬೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಮೈಸೂರು ರಾಜ್ಯದಲ್ಲಿ ಮೈಸೂರು, ಕರ್ನಾಟಕ, ಬೆಂಗಳೂರು ವಿಶ್ವವಿದ್ಯಾನಿಲಯಗಳ ವೈದ್ಯಕೀಯ ಕಾಲೇಜುಗಳು ತಂತಮ್ಮ ವಿದ್ಯಾರ್ಥಿಗಳಿಗೆ ಹೆಚ್ಚಿನ ಪಾಲನ್ನು ಕೊಟ್ಟದ್ದನ್ನು ೧೯೭೧ರ ಚಂಚಲಾ ಪ್ರಕರಣದಲ್ಲಿ ಎತ್ತಿಹಿಡಿಯಿತು. ಮುಂದೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ೩೭೧ (ಜೆ) ವಿಧಿ ಬಂದಾಗ ಆ ಭಾಗದ ಕಾಲೇಜುಗಳಲ್ಲಿ ಶೇಕಡ ೭೦, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ ೮ ಸ್ಥಾನ ಅಲ್ಲಿಯವರಿಗೆ ದೊರೆತದ್ದು ಇದೇ ವಿಚಾರದ ಬೆಳವಣಿಗೆ. ನಡುವೆ ೧೯೭೨ರಲ್ಲಿ ದೇವರಾಜ ಅರಸರ ಸರ್ಕಾರ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗ ಮೂರು ವರ್ಷ ಊರೂರು ತಿರುಗಿ, ಮನೆಮನೆಯ ಸ್ಥಿತಿಯನ್ನು ಸಮೀಕ್ಷಿಸಿ, ೧೯೭೫ರಲ್ಲಿ ವರದಿ ಕೊಟ್ಟಿತು. ನಾಗನಗೌಡ ಸಮಿತಿ ಹೈಸ್ಕೂಲಿನಲ್ಲಿ ಕುಳಿತವರನ್ನು ಎಣಿಸಿತ್ತು. ಹಾವನೂರ ಆಯೋಗ ಎಸ್.ಎಸ್.ಎಲ್.ಸಿ. ದಾಟಿ ಹೊರಬಂದವರನ್ನು ಎಣಿಸಿತು. ಅಲೆಮಾರಿಗಳು, ಕುಶಲಕರ್ಮಿಗಳು, ಹೆಸರೇ ಕೇಳಿರದ ಎಷ್ಟೋ ಪುಟ್ಟ ಸಮುದಾಯಗಳು ಸರ್ಕಾರದ ಕಾಗದಗಳಲ್ಲಿ ಮೊದಲ ಬಾರಿಗೆ ಎದ್ದು ಕಂಡದ್ದು ಆಗ.

ಈ ಎಲ್ಲ ವಾದಗಳೂ ಜಾತಿ, ಅಂಕ, ಆದಾಯಗಳ ಸುತ್ತ ನಡೆಯುತ್ತಿದ್ದಾಗ ಸದ್ದಿಲ್ಲದೆ ಇನ್ನೊಂದು ತಕ್ಕಡಿ ಬಂದು ನಿಂತಿತ್ತು. ಅದು ಹಣ. ಸರ್ಕಾರದಿಂದಲೇ ಎಲ್ಲ ಕಾಲೇಜುಗಳನ್ನೂ ತೆರೆಯಲಾಗದಿದ್ದಾಗ ಖಾಸಗಿಯವರು ಮುಂದೆ ಬಂದರು. ೧೯೪೬ರಲ್ಲಿ ಬೆಂಗಳೂರಿನಲ್ಲಿ ಬಿ.ಎಂ. ಶ್ರೀನಿವಾಸಯ್ಯನವರ ಎಂಜಿನಿಯರಿಂಗ್ ಕಾಲೇಜು, ೧೯೫೩ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರ ವೈದ್ಯಕೀಯ ಕಾಲೇಜು ಹೀಗೆ ಹುಟ್ಟಿದವು. ಇವುಗಳಿಂದ ನಾಡಿಗೆ ಆದ ಉಪಕಾರ ದೊಡ್ಡದು. ಮುಂದೆ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎಲ್ಲೆಡೆ ಕಾಲೇಜುಗಳು ಎದ್ದಾಗ ಡೊನೇಷನ್ ಸೀಟು ಎಂಬ ಹೊಸ ಪದ ಕನ್ನಡಕ್ಕೆ ಬಂತು. ದಾನ ಎಂಬ ಪವಿತ್ರವಾದ ಮಾತಿಗೆ ಇಷ್ಟು ಹೀನಾಯವಾದ ಅರ್ಥ ಇನ್ನಾವ ಕಾಲದಲ್ಲಿಯೂ ಬಂದಿರಲಿಕ್ಕಿಲ್ಲ. ೧೯೮೪ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ಬಂತು. ಆದರೂ ೧೯೮೯ರ ಸರ್ಕಾರಿ ಪ್ರಕಟಣೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ ೨,೦೦೦ ರೂಪಾಯಿ, ಉಳಿದ ಕರ್ನಾಟಕದವರಿಗೆ ೨೫,೦೦೦, ಹೊರರಾಜ್ಯದವರಿಗೆ ೬೦,೦೦೦ ಎಂದು ಮೂರು ಬೆಲೆಗಳಿದ್ದವು. ಉತ್ತರ ಪ್ರದೇಶದ ಮೀರತ್ತಿನಿಂದ ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ ೧೯೯೨ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಂಡಿಸಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಉಚಿತ ಸೀಟು, ಅರ್ಧ ಹಣದ ಸೀಟು, ಎರಡೂ ಅಂಕಗಳ ಕ್ರಮದಲ್ಲಿಯೇ ಎಂಬ ಯೋಜನೆಯನ್ನು ರೂಪಿಸಿತು. ಅದರ ಬೆನ್ನಿಗೆ ೧೯೯೪ರಲ್ಲಿ ನಮ್ಮಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕ ಸ್ಥಾಪನೆಯಾಯಿತು. ಸಿಇಟಿ ಎಂಬ ಮೂರಕ್ಷರ ಮನೆಮಾತಾಯಿತು. ೨೦೦೨ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ಬದಿಗೆ ಸರಿಸಿದರೂ ಸಿಇಟಿ ಉಳಿಯಿತು.

ಈಗ ನಮ್ಮಲ್ಲಿ ಎಂಜಿನಿಯರಿಂಗ್ ಪ್ರವೇಶಕ್ಕೆ ಅರ್ಧ ತೂಕ ದ್ವಿತೀಯ ಪಿಯುಸಿಯ ವಿಜ್ಞಾನ ವಿಷಯಗಳದ್ದು, ಅರ್ಧ ಸಿಇಟಿಯದ್ದು. ವೈದ್ಯಕೀಯಕ್ಕೆ ಅಖಿಲ ಭಾರತದ ನೀಟ್ ಪರೀಕ್ಷೆಯೊಂದೇ. ೨೦೨೧ರಲ್ಲಿ ಮಹಾಮಾರಿಯಿಂದಾಗಿ ಪಿಯುಸಿ ಪರೀಕ್ಷೆ ರದ್ದಾದಾಗ ಸಿಇಟಿಯೊಂದನ್ನೇ ನೋಡಬೇಕಾಯಿತು. ಮರುವರ್ಷ ಹಿಂದಿನ ತಂಡದವರ ಪಿಯುಸಿ ಅಂಕಗಳನ್ನು ಹೇಗೆ ತೂಗಬೇಕೆಂಬ ವ್ಯಾಜ್ಯ ಹೈಕೋರ್ಟಿಗೇ ಹೋಯಿತು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ ೫ ಮೀಸಲಾಗಿದೆ. ಹೊರನಾಡು, ಗಡಿನಾಡುಗಳ ಕನ್ನಡಿಗರ ಮಕ್ಕಳಿಗೆ ಒಂದು ಕನ್ನಡ ಪರೀಕ್ಷೆಯುಂಟು. ನಾಲ್ಕನೆಯ ತರಗತಿಯ ಮಟ್ಟದ, ೫೦ ಅಂಕಗಳ ಪತ್ರಿಕೆ; ೧೨ ಅಂಕ ಬಂದರೆ ಸಾಕು. ಕಾಸರಗೋಡಿನ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಲು ಕನ್ನಡದಲ್ಲಿ ನಾಲ್ಕು ವಾಕ್ಯ ಬರೆದು ತೋರಿಸಬೇಕು. ಕನ್ನಡದ ಅಧ್ಯಾಪಕನಾದ ನನಗೆ ಇದು ಸಂತೋಷದ ವಿಷಯ. ಜೊತೆಗೇ, ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದು ಈ ಪತ್ರಿಕೆಯನ್ನು ಬರೆಯಬೇಕಾಗಿಲ್ಲದ ಎಷ್ಟು ಮಕ್ಕಳು ಈ ೧೨ ಅಂಕಗಳನ್ನು ಪಡೆದಾರು ಎಂಬ ಯೋಚನೆಯೂ ಬರುತ್ತದೆ.

ನೂರು ವರ್ಷಗಳ ಈ ಕಥೆಯಿಂದ ನಾವು ಏನನ್ನು ತಿಳಿಯಬೇಕು? ಕುಲ, ಅಂಕ, ಆದಾಯ, ವ್ಯಕ್ತಿತ್ವ, ಊರು, ಹಣ, ನುಡಿ ಎಲ್ಲವನ್ನೂ ನಾವು ತೂಗಿ ನೋಡಿದ್ದೇವೆ. ತಪ್ಪಿಲ್ಲದ ತಕ್ಕಡಿ ಒಂದೂ ಸಿಗಲಿಲ್ಲ. ಅಂಕ ತಲುಪಿದ ಊರನ್ನು ಹೇಳುತ್ತದೆ, ನಡೆದು ಬಂದ ದಾರಿಯನ್ನು ಹೇಳುವುದಿಲ್ಲ. ಮನೆಪಾಠಕ್ಕೆ ಲಕ್ಷ ಸುರಿದವನ ಅಂಕವೂ ಸಂಜೆ ಕುರಿ ಕಾದು ಓದಿದವಳ ಅಂಕವೂ ಕಾಗದದ ಮೇಲೆ ಒಂದೇ. ಆದ್ದರಿಂದ ದಾರಿಯ ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದ ಮಿಲ್ಲರ್, ನಾಗನಗೌಡ, ಹಾವನೂರರ ಹಂಬಲದಲ್ಲಿ ಸತ್ಯವಿತ್ತು. ಆ ದೂರವನ್ನು ಅಳೆಯುವವರು ಮನಬಂದಂತೆ ಗೆರೆ ಸರಿಸಬಾರದೆಂದ ವಿದ್ಯಾರ್ಥಿಗಳ ಹಟದಲ್ಲಿಯೂ ಸತ್ಯವಿತ್ತು. ಈ ಎರಡು ಸತ್ಯಗಳ ಜಗ್ಗಾಟದಲ್ಲಿಯೇ ನಮ್ಮ ಪದ್ಧತಿ ರೂಪುಗೊಂಡಿದೆ.

ಆದರೆ ಒಂದು ಮಾತನ್ನು ನಾನು ಅಭಿಮಾನದಿಂದ ಹೇಳಬಲ್ಲೆ. ನಮ್ಮ ತಕ್ಕಡಿಗಳು ಎಷ್ಟೇ ಸೊಟ್ಟಾಗಿದ್ದರೂ ಬೀದಿಯಲ್ಲಿದ್ದವು. ಶೇಕಡ ೭೫ ಎಂದು, ೬.೯ ಎಂದು, ೧,೨೦೦ ರೂಪಾಯಿ ಎಂದು ಸರ್ಕಾರದ ಆಜ್ಞೆಗಳಲ್ಲಿ ಬರೆದಿದ್ದುದರಿಂದಲೇ ಹದಿನೇಳು ಹದಿನೆಂಟರ ಮಕ್ಕಳು ಅವನ್ನು ಕೈಯಲ್ಲಿ ಹಿಡಿದು ದಿಲ್ಲಿಯವರೆಗೆ ಹೋಗಿ, ಇದು ಸರಿಯಲ್ಲ ಎಂದು ಹೇಳಲು ಸಾಧ್ಯವಾಯಿತು. ದೊಡ್ಡ ಹೆಸರಿನ ಹಾರ್ವರ್ಡಿನಲ್ಲಿ ತೂಕದ ಕಲ್ಲುಗಳು ಕಪಾಟಿನೊಳಗಿದ್ದವು. ಅವನ್ನು ಹೊರತೆಗೆಯಲು ನೂರು ವರ್ಷ ಬೇಕಾಯಿತು. ಡೊನೇಷನ್ ಸೀಟಿನ ಪಾಪವೂ ಅದು ಮೇಜಿನ ಕೆಳಗೆ ನಡೆದದ್ದರಲ್ಲಿಯೇ ಇದೆ. ಈಗ ಮತ್ತೆ ಅಂಕದ ಜೊತೆಗೆ ಇತರ ಗುಣಗಳನ್ನೂ ನೋಡಬೇಕು, ಪ್ರಬಂಧ ಬರೆಸಬೇಕು, ಸಂದರ್ಶನ ಮಾಡಬೇಕು ಎಂಬ ಮಾತು ಕೆಲವು ಹೊಸ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಕೇಳಿಬರುತ್ತಿದೆ. ನೋಡಲಿ, ಅಭಿಮನ್ಯುವಿನ ವೇಷ ಕಟ್ಟುವ ಹುಡುಗನಿಗೆ ಅದರಿಂದ ಒಳ್ಳೆಯದಾಗುವುದಾದರೆ ನನಗಿಂತ ಹೆಚ್ಚು ಸಂತೋಷಪಡುವವರಿಲ್ಲ. ಆದರೆ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಬಾಗಿಲ ಮೇಲೆ ಬರೆದು ಹಾಕಲಿ. ಓದಲು ಬರುವ ಭಾಷೆಯಲ್ಲಿ, ಎಲ್ಲರಿಗೂ ಕಾಣುವಂತೆ. ಒಳಗೆ ಹೋಗಲಾರದೆ ಹಿಂದಿರುಗುವವನಿಗೂ, ತಾನು ಯಾವ ತಕ್ಕಡಿಯಲ್ಲಿ ಎಷ್ಟು ಕಡಿಮೆಯಾದೆನೆಂದು ತಿಳಿಯುವ ಹಕ್ಕಿದೆ.